‘ಫಾಸ್ಟ್’ ಎಂಬ ಮಾತು: ವೇಗಕ್ಕೂ ಉಪವಾಸಕ್ಕೂ ಏನು ನಂಟು?

ಇಂಗ್ಲಿಷ್ ಓದಲು ಬಾರದವರ ಬಾಯಲ್ಲೂ ನೆಲೆಯೂರಿರುವ ಇಂಗ್ಲಿಷ್ ಪದಗಳಲ್ಲಿ ‘ಫಾಸ್ಟ್’ ಒಂದು. ಬಸ್ಸು ಫಾಸ್ಟ್ ಹೋಗುತ್ತದೆ, ಗಡಿಯಾರ ಐದು ನಿಮಿಷ ಫಾಸ್ಟ್ ಇರುತ್ತದೆ, ಶಾಲೆಗೆ ಹೊರಟ ಮಗು ಊಟವನ್ನು ಫಾಸ್ಟಾಗಿ ಮುಗಿಸಬೇಕು. ಇದೇ ಪದ ವಿಭೂತಿ ಬುಧವಾರ ಹತ್ತಿರ ಬಂದಾಗ ಧರ್ಮಕೇಂದ್ರದ ಇಂಗ್ಲಿಷ್ ಪ್ರಕಟಣೆಯಲ್ಲಿ ಬೇರೆಯೇ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಅದರ ಅರ್ಥ ಉಪವಾಸ. ಊಟವನ್ನು ಬೇಗ ಮುಗಿಸು ಎನ್ನುವುದಕ್ಕೂ ಊಟವನ್ನೇ ಬಿಡು ಎನ್ನುವುದಕ್ಕೂ ಒಂದೇ ಪದ ಹೇಗಾಯಿತು? ಧರ್ಮೋಪದೇಶ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮದ ಮಕ್ಕಳು ಕೇಳುವ ಪ್ರಶ್ನೆ ಇದು. ‘ಅವು ಬೇರೆ ಬೇರೆ ಪದಗಳು, ಅಕ್ಷರ ಮಾತ್ರ ಒಂದೇ’ ಎಂದು ಹೇಳಿ ಮುಂದೆ ಹೋಗುವುದು ಸಾಮಾನ್ಯ. ಆದರೆ ಆ ಉತ್ತರ ಸರಿಯಲ್ಲ. ಎರಡೂ ಒಂದೇ ಬೇರಿನ ಕೊಂಬೆಗಳು. ಆ ಬೇರನ್ನು ತಿಳಿದರೆ ತಪಸ್ಸುಕಾಲದ ಉಪವಾಸದ ಬಗ್ಗೆಯೂ ಒಂದು ಮಾತು ತಿಳಿದಂತಾಗುತ್ತದೆ. ಉಪದೇಶಕರಿಗೂ ಪ್ರಕಟಣೆಗಳನ್ನು ಅನುವಾದಿಸುವವರಿಗೂ ಉಪಯೋಗವಾಗಲೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಉದಾಹರಣೆಗಳಿಗಾಗಿ ಘಟ್ಟ ಹತ್ತಿ ದಾವಣಗೆರೆ ಮತ್ತು ಹರಿಹರಕ್ಕೆ ಹೋಗೋಣ. ಹರಿಹರ ನಮ್ಮವರಿಗೆ ಹೊಸತಲ್ಲ. ತುಂಗಭದ್ರೆಯ ದಡದ ಆ ಊರಿನಲ್ಲಿ ಆರೋಗ್ಯಮಾತೆಯ ಬಸಿಲಿಕಾ ಇದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಜಾತಿ ಮತ ಎನ್ನದೆ ಜನ ಸೇರುತ್ತಾರೆ. ಅದು ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಕ್ಷೇತ್ರ. 1988ರಲ್ಲಿ ಸ್ಥಾಪನೆಯಾದ ಆ ಧರ್ಮಪ್ರಾಂತ್ಯವನ್ನು 2000ದಿಂದ 2012ರವರೆಗೆ ನಡೆಸಿದ ಪರಮಪೂಜ್ಯ ಜೆರಾಲ್ಡ್ ಐಸಾಕ್ ಲೋಬೊ ಅವರೇ ಬಳಿಕ ಉಡುಪಿಯ ಪ್ರಥಮ ಧರ್ಮಾಧ್ಯಕ್ಷರಾಗಿ ಬಂದರು. ಆದರೆ ಈ ಎರಡು ಊರುಗಳನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಒಂದು ಬಟ್ಟೆಯ ಊರು, ಇನ್ನೊಂದು ಯಂತ್ರದ ಊರು. ‘ಫಾಸ್ಟ್’ ಪದದ ಹಳೆಯ ಅರ್ಥ ಇಂದಿಗೂ ಉಸಿರಾಡುತ್ತಿರುವುದು ಈ ಎರಡು ಕಸುಬುಗಳಲ್ಲಿ.

ಮೊದಲ ಅರ್ಥ ‘ಗಟ್ಟಿ’

ಹಳೆಯ ಇಂಗ್ಲಿಷಿನಲ್ಲಿ ‘ಫ್ಯಾಸ್ಟ್’ ಎಂದರೆ ಗಟ್ಟಿಯಾಗಿ ನೆಟ್ಟ, ಅಲುಗಾಡದ, ಬಿಗಿಯಾದ ಎಂದು ಅರ್ಥ. ವೇಗದ ಸುಳಿವೇ ಇರಲಿಲ್ಲ. ಅಲುಗಾಡದ ವಸ್ತುವಿಗೆ ಹೇಳುತ್ತಿದ್ದ ಮಾತು ಓಡುವ ವಸ್ತುವಿಗೆ ಬಂದದ್ದು ವಿಚಿತ್ರವೇ ಸರಿ. ಜರ್ಮನ್ ಭಾಷೆ ಇದರ ಹತ್ತಿರದ ಸಂಬಂಧಿ. ಅಲ್ಲಿ ‘ಫೆಸ್ಟ್’ ಎಂದರೆ ಇಂದಿಗೂ ಗಟ್ಟಿ, ‘ಫಾಸ್ಟನ್’ ಎಂದರೆ ಉಪವಾಸ ಮಾಡು. ವೇಗದ ಅರ್ಥ ಅಲ್ಲಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ ನಿಘಂಟು ಹೊರತಂದ ಕಿಟೆಲ್ ಅವರ ಮಾತೃಭಾಷೆ ಇದೇ ಜರ್ಮನ್. ಅವರಿಗೆ ಗಟ್ಟಿತನವೂ ಉಪವಾಸವೂ ಒಂದೇ ಬೇರಿನವು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಂಗ್ಲಿಷಿನಲ್ಲೂ ಹಳೆಯ ಅರ್ಥ ಸತ್ತಿಲ್ಲ. ‘ಫಾಸನ್’ ಎಂದು ಉಚ್ಚರಿಸುವ ಕ್ರಿಯಾಪದಕ್ಕೆ ಕಟ್ಟು, ಬಿಗಿ ಎಂದೇ ಅರ್ಥ. ವಿಮಾನದಲ್ಲಿ ಸೀಟ್ ಬೆಲ್ಟ್ ಬಿಗಿದುಕೊಳ್ಳಿ ಎನ್ನಲು ಬಳಸುವುದು ಇದನ್ನೇ. ‘ಸ್ಟೆಡ್‌ಫಾಸ್ಟ್’ ಎಂದರೆ ನಿಂತ ಜಾಗದಿಂದ ಕದಲದವನು. ‘ಫಾಸ್ಟ್ ಅಸ್ಲೀಪ್’ ಎಂದರೆ ಗಾಢ ನಿದ್ರೆ, ಬೇಗ ಬಂದ ನಿದ್ರೆಯಲ್ಲ. ‘ಫಾಸ್ಟ್ ಫ್ರೆಂಡ್’ ಎಂದರೆ ಕೈಬಿಡದ ಗೆಳೆಯ.

ದಾವಣಗೆರೆಯ ಬಟ್ಟೆ ಅಂಗಡಿಗೆ ಬನ್ನಿ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲದಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾಗಿದ್ದ ಊರು ಅದು. ಹತ್ತಿ ಬಟ್ಟೆಯ ಮೇಲೆ ‘ಫಾಸ್ಟ್ ಕಲರ್’ ಎಂದು ಅಚ್ಚು ಹಾಕಿದ್ದರೆ ಬಣ್ಣ ಓಡುವುದಿಲ್ಲ ಎಂದು ಅರ್ಥ. ಅಂದರೆ ಇಲ್ಲಿ ಫಾಸ್ಟ್ ಎಂದರೆ ಓಡದೆ ಇರುವುದು! ನಮ್ಮ ಅಂಗಡಿಯವರು ಇದನ್ನು ‘ಗಟ್ಟಿ ಬಣ್ಣ’, ‘ಪಕ್ಕಾ ಬಣ್ಣ’ ಎನ್ನುತ್ತಾರೆ. ಈ ಗಟ್ಟಿತನವನ್ನು ಅಳೆಯುವ ಕ್ರಮವೂ ಇದೆ. ಬಟ್ಟೆಯನ್ನು ಸೋಪಿನ ನೀರಿನಲ್ಲಿ ಒಗೆದು, ಉಜ್ಜಿ, ಬೆವರಿನಂಥ ದ್ರಾವಣದಲ್ಲಿ ನೆನೆಸಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಬೆಳಕಿಗೆ ಒಡ್ಡಿ ನೋಡುವ ಪರೀಕ್ಷೆಗೆ 8ರವರೆಗೆ ಅಂಕವಿದೆ. ಒಗೆತ, ಉಜ್ಜು, ಬೆವರು, ಬಿಸಿಲು ಎಲ್ಲವನ್ನೂ ತಡೆದುಕೊಂಡು ಬಿಡದೆ ಹಿಡಿದಿರುವ ಬಣ್ಣವೇ ‘ಫಾಸ್ಟ್’.

ಅಲ್ಲಿಂದ ಸುಮಾರು 14 ಕಿ.ಮೀ. ದೂರದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಲೇತ್ ಯಂತ್ರಗಳಿಗೆ ಹೆಸರಾದ ಕಾರ್ಖಾನೆ. ಅದರ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರ ಎಂದೇ ಹೆಸರು. ಯಂತ್ರದ ಕೆಲಸ ಬಲ್ಲ ಹಿರಿಯರಿಗೆ ‘ಫಾಸ್ಟ್ ಪುಲ್ಲಿ, ಲೂಸ್ ಪುಲ್ಲಿ’ ಎಂಬ ಜೋಡಿ ಗೊತ್ತಿರುತ್ತದೆ. ಪ್ರತಿ ಯಂತ್ರಕ್ಕೂ ಸ್ವಂತ ಮೋಟಾರು ಇಲ್ಲದ ಕಾಲದಲ್ಲಿ ಕಾರ್ಖಾನೆಯ ಚಾವಣಿಯ ಕೆಳಗೆ ಒಂದೇ ಉದ್ದನೆಯ ಕಬ್ಬಿಣದ ದಂಡ ತಿರುಗುತ್ತಿತ್ತು. ಅದರಿಂದ ಬೆಲ್ಟುಗಳು ಒಂದೊಂದು ಯಂತ್ರಕ್ಕೂ ಇಳಿಯುತ್ತಿದ್ದವು. ಯಂತ್ರದ ಅಚ್ಚಿನ ಮೇಲೆ ಅಕ್ಕಪಕ್ಕದಲ್ಲಿ ಎರಡು ಪುಲ್ಲಿಗಳು. ಒಂದನ್ನು ಅಚ್ಚಿಗೆ ಬಿಗಿಯಾಗಿ ಕೂರಿಸಿರುತ್ತಿದ್ದರು, ಅದು ಫಾಸ್ಟ್. ಇನ್ನೊಂದು ಅಚ್ಚಿನ ಮೇಲೆ ಸಡಿಲವಾಗಿ ಸುತ್ತುತ್ತಿತ್ತು, ಅದು ಲೂಸ್. ಬೆಲ್ಟನ್ನು ಸಡಿಲ ಪುಲ್ಲಿಗೆ ಸರಿಸಿದರೆ ಪುಲ್ಲಿ ಮಾತ್ರ ತಿರುಗುತ್ತದೆ, ಯಂತ್ರ ನಿಂತಿರುತ್ತದೆ. ಬಿಗಿ ಪುಲ್ಲಿಗೆ ಸರಿಸಿದರೆ ಯಂತ್ರ ಕೆಲಸ ಮಾಡುತ್ತದೆ. ಗಮನಿಸಬೇಕಾದ ಅಂಶವೆಂದರೆ, ಒಂದೇ ಅಳತೆಯ ಆ ಎರಡು ಪುಲ್ಲಿಗಳ ವೇಗ ಒಂದೇ! ಫಾಸ್ಟ್ ಎನಿಸಿಕೊಂಡದ್ದು ಜೋರಾಗಿ ತಿರುಗುವುದರಿಂದಲ್ಲ, ಅಚ್ಚಿಗೆ ಅಂಟಿಕೊಂಡಿರುವುದರಿಂದ. ತಪಸ್ಸುಕಾಲದ ಧ್ಯಾನಕೂಟ ನಡೆಸುವ ಗುರುಗಳಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನಮಗಂತೂ ಸಿಕ್ಕಿಲ್ಲ.

ಬಿಗಿ, ಸಡಿಲ ಎಂಬ ಈ ಜೋಡಿ ಇಂಗ್ಲಿಷಿನಲ್ಲಿ ಯಂತ್ರಗಳಿಗಿಂತ ಹಳೆಯದು. ಜಾತ್ರೆಗಳಲ್ಲಿ ಬೆಲ್ಟನ್ನು ಸುತ್ತಿಟ್ಟು, ಅದು ಕೋಲಿಗೆ ಸಿಕ್ಕಿಕೊಂಡಿದೆಯೋ ಇಲ್ಲವೋ ಎಂದು ಪಣ ಕಟ್ಟಿಸುವ ಮೋಸದ ಆಟವೊಂದಿತ್ತು. ಅದರ ಹೆಸರೇ ‘ಫಾಸ್ಟ್ ಅಂಡ್ ಲೂಸ್’. ಮಾತಿಗೆ ನಿಲ್ಲದವನ ವಿಷಯದಲ್ಲಿ ಇಂದಿಗೂ ಆ ನುಡಿ ಬಳಕೆಯಲ್ಲಿದೆ.

ಗಟ್ಟಿಯಾದದ್ದು ವೇಗವಾದದ್ದು ಹೇಗೆ?

ಇದನ್ನು ವಿವರಿಸಲು ಇಂಗ್ಲಿಷ್ ಪುಸ್ತಕ ಬೇಕಿಲ್ಲ, ಕನ್ನಡವೇ ಸಾಕು. ‘ಗಟ್ಟಿ’ ಎಂದರೆ ಮೆತ್ತಗಿಲ್ಲದ್ದು. ಆದರೆ ‘ಗಟ್ಟಿಯಾಗಿ ಹೇಳು’ ಎಂದರೆ ದೊಡ್ಡ ದನಿಯಲ್ಲಿ ಹೇಳು ಎಂದಾಗುತ್ತದೆ. ಗಟ್ಟಿತನ ದನಿಗೆ ಹಬ್ಬಿತು. ‘ಜೋರು’ ಪಾರಸಿಯಿಂದ ಬಂದ ಪದ. ಮೂಲದಲ್ಲಿ ಬಲ ಎಂದು ಅರ್ಥ. ಜೋರು ಮಳೆ ಎಂದಾಗ ಆ ಬಲ ಇನ್ನೂ ಇದೆ. ‘ಜೋರಾಗಿ ಓಡು’ ಎಂದಾಗ ಅದೇ ಬಲ ವೇಗವಾಗಿ ಬಿಡುತ್ತದೆ. ‘ಫಾಸ್ಟ್’ ನಡೆದ ದಾರಿಯೂ ಇದೇ. ಬಿಗಿಯಾಗಿ ಹಿಡಿ ಎಂಬುದು ಬಲವಾಗಿ ಹಿಡಿ ಎಂದಾಯಿತು. ಬಲವಾಗಿ ಹೊಡೆ, ಬಲವಾಗಿ ಓಡು ಎಂದು ಬೆಳೆಯಿತು. ಬಲವಾಗಿ ಓಡುವವನು ಬೇಗ ಓಡುತ್ತಾನಲ್ಲವೇ? ಸುಮಾರು 13ನೇ ಶತಮಾನದ ಹೊತ್ತಿಗೆ ಕ್ರಿಯಾವಿಶೇಷಣವಾಗಿ ಈ ಹೊಸ ಅರ್ಥ ಕಾಣಿಸಿಕೊಂಡಿತು. ‘ಫಾಸ್ಟ್ ಕುದುರೆ’ ಎನ್ನುವಂತೆ ನಾಮಪದದ ಹಿಂದೆ ವೇಗದ ಅರ್ಥದಲ್ಲಿ ಬರತೊಡಗಿದ್ದು ಇನ್ನೂ ತಡವಾಗಿ, 16ನೇ ಶತಮಾನದಲ್ಲಿ. ಅಡ್ಡಾದಿಡ್ಡಿ ಜೀವನಕ್ಕೆ ‘ಫಾಸ್ಟ್ ಲೈಫ್’ ಎನ್ನುವುದು, ‘ಫಾಸ್ಟ್ ಫುಡ್’ ಎನ್ನುವುದು ತೀರ ಈಚಿನವು. ಹೊಸಬ ಬಂದು ಹಳಬನನ್ನು ಜಗಲಿಗೆ ಕಳಿಸಿದ ಕಥೆ ಇದು.

ವೇಗದ ಇತರ ಇಂಗ್ಲಿಷ್ ಪದಗಳೂ ಹುಟ್ಟಿನಿಂದ ವೇಗದವಲ್ಲ. ‘ಕ್ವಿಕ್’ ಎಂದರೆ ಮೊದಲು ಜೀವವುಳ್ಳ ಎಂದು ಅರ್ಥವಿತ್ತು. ಪ್ರೇಷಿತರ ವಿಶ್ವಾಸ ಪ್ರಮಾಣದ ಹಳೆಯ ಇಂಗ್ಲಿಷ್ ಪಠ್ಯದಲ್ಲಿ ಜೀವಂತರು ಎಂಬುದಕ್ಕೆ ಇದೇ ಪದವಿದೆ. ಹಳೆಯ ಪ್ರಾರ್ಥನಾ ಪುಸ್ತಕ ಓದುವ ಯುವಜನರು ಚುರುಕಾದವರಿಗೂ ಸತ್ತವರಿಗೂ ತೀರ್ಪು ಎಂದು ತಿಳಿದರೆ ನಗುವಂತಿಲ್ಲ. ‘ಸ್ಪೀಡ್’ ಎಂದರೆ ಏಳಿಗೆ, ಯಶಸ್ಸು. ಪ್ರಯಾಣ ಹೊರಟವರಿಗೆ ‘ಗಾಡ್‌ಸ್ಪೀಡ್’ ಎಂದು ಹಾರೈಸಿದರೆ ದೇವರು ನಿನಗೆ ಒಳ್ಳೆಯದು ಮಾಡಲಿ ಎಂದೇ ಹೊರತು ಗಾಡಿ ಜೋರಾಗಿ ಓಡಿಸಲಿ ಎಂದಲ್ಲ.

ಉಪವಾಸ ಬಂದ ದಾರಿ

ಉಪವಾಸದ ಅರ್ಥ ವೇಗದ ಅರ್ಥಕ್ಕಿಂತ ಶತಮಾನಗಳಷ್ಟು ಹಳೆಯದು. 4ನೇ ಶತಮಾನದಲ್ಲಿ ಧರ್ಮಾಧ್ಯಕ್ಷ ವುಲ್ಫಿಲ ಬೈಬಲನ್ನು ಗಾಥಿಕ್ ಭಾಷೆಗೆ ತಂದಾಗ ಉಪವಾಸಕ್ಕೆ ಬಳಸಿದ ಪದ ‘ಫಾಸ್ತಾನ್’. ಆ ಭಾಷೆಯಲ್ಲಿ ಅದಕ್ಕೆ ಹಿಡಿದಿಡು, ಕಾಪಾಡು, ಪಾಲಿಸು ಎಂಬ ಅರ್ಥಗಳೂ ಇದ್ದವು. ಅಂದರೆ ಕೊಟ್ಟ ಮಾತನ್ನು, ಇಟ್ಟ ನಿಯಮವನ್ನು ಬಿಗಿಯಾಗಿ ಹಿಡಿದವನು ಉಪವಾಸಿ. ಊಟ ಬಿಡುವುದು ಆ ಹಿಡಿತದ ಒಂದು ರೂಪ.

ಮೂರು ಭಾಷೆಗಳು ಒಂದೇ ಆಚರಣೆಯನ್ನು ಮೂರು ಕಡೆಯಿಂದ ನೋಡಿವೆ. ಧರ್ಮಸಭೆಯ ಲ್ಯಾಟಿನ್ ಪದದ ಮೂಲ ‘ಬರಿದು’. ಅದು ಹೊಟ್ಟೆಯನ್ನು ನೋಡುತ್ತದೆ. ನಮ್ಮ ‘ಉಪವಾಸ’ ಸಂಸ್ಕೃತದಿಂದ ಬಂದದ್ದು, ಕೊಂಕಣಿಯ ‘ಉಪಾಸ್’ ಕೂಡ ಅದೇ. ಉಪ ಎಂದರೆ ಹತ್ತಿರ, ವಾಸ ಎಂದರೆ ಇರುವುದು. ದೇವರ ಸನ್ನಿಧಿಯಲ್ಲಿ ಉಳಿಯುವುದು ಎಂದು ಹಿರಿಯರು ವಿವರಿಸುತ್ತಾರೆ. ಇಂಗ್ಲಿಷ್ ಪದ ನೋಡುವುದು ಹೊಟ್ಟೆಯನ್ನೂ ಅಲ್ಲ, ಸಾಮೀಪ್ಯವನ್ನೂ ಅಲ್ಲ, ಹಿಡಿತವನ್ನು.

ಆದರೆ ಆ ಹಿಡಿತದ ಭಾವ ಕನ್ನಡಕ್ಕೆ ಅಪರಿಚಿತವಲ್ಲ. ‘ಕಟ್ಟುನಿಟ್ಟು’ ಎಂಬ ಮಾತಿನಲ್ಲಿ ‘ಕಟ್ಟು’ ಇದೆ. ಇನ್ನೂ ಹತ್ತಿರದ ನುಡಿಯೊಂದಿದೆ: ‘ಹೊಟ್ಟೆಬಾಯಿ ಕಟ್ಟಿ’. ಹೊಟ್ಟೆಬಾಯಿ ಕಟ್ಟಿ ಮಕ್ಕಳನ್ನು ಓದಿಸಿದರು, ಹೊಟ್ಟೆಬಾಯಿ ಕಟ್ಟಿ ಸಾಲ ತೀರಿಸಿದರು ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಕಟ್ಟುವುದಕ್ಕೂ ಉಪವಾಸಕ್ಕೂ ಇರುವ ನಂಟು ನಮ್ಮ ಮನೆಯ ಅಮ್ಮಂದಿರ ಬಾಯಲ್ಲಿ ಮೊದಲಿನಿಂದಲೂ ಇದೆ. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ರೂಢಿಗೆ ತಂದ ‘ಸತ್ಯಾಗ್ರಹ’ವೂ ಅಷ್ಟೇ, ಸತ್ಯವನ್ನು ಬಿಡದೆ ಹಿಡಿಯುವುದು. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಶಾಮಿಯಾನ ಹಾಕಿ ‘ಉಪವಾಸ ಸತ್ಯಾಗ್ರಹ’ ಎಂದು ಬ್ಯಾನರು ಕಟ್ಟುವವರು ಗೊತ್ತಿಲ್ಲದೆಯೇ ‘ಫಾಸ್ಟ್’ ಪದದ ಎರಡು ಹಳೆಯ ಅರ್ಥಗಳನ್ನೂ ಜೊತೆಯಾಗಿ ಬರೆದಿರುತ್ತಾರೆ.

ಹೊಟ್ಟೆಬಾಯಿ ಕಟ್ಟುವ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 2000ದ ದಶಕದ ಆರಂಭದಲ್ಲಿ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯ ಬಾಗಿಲೂ ಮುಚ್ಚಿತು. ಸಂಬಳ ನಿಂತ ಮನೆಗಳಲ್ಲಿ ಹೊಟ್ಟೆಬಾಯಿ ಕಟ್ಟುವುದು ವ್ರತವಾಗಿರಲಿಲ್ಲ. ಧರ್ಮಸಭೆ ಉಪವಾಸ ಎನ್ನುವುದು ತಾನಾಗಿ ಹಿಡಿದದ್ದನ್ನು ಮಾತ್ರ. ಮೇಲೆ ಬಿದ್ದ ಹಸಿವಿಗೆ ಆ ಹೆಸರಿಲ್ಲ. ಹಸಿದವನಿಗೆ ಉಪವಾಸದ ಪುಣ್ಯ ಬೋಧಿಸುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಎಂದು ನಾವು ಭಾವಿಸುತ್ತೇವೆ. ಪ್ರವಾದಿ ಯೆಶಾಯ ತನ್ನ ಗ್ರಂಥದ 58ನೇ ಅಧ್ಯಾಯದಲ್ಲಿ ಉಪವಾಸವನ್ನು ಹಸಿದವನೊಡನೆ ಅನ್ನ ಹಂಚಿಕೊಳ್ಳುವುದಕ್ಕೇ ಕಟ್ಟಿಹಾಕುತ್ತಾನೆ. ಬಿಟ್ಟ ಊಟದ ಹಣ ತಪಸ್ಸುಕಾಲದ ಕಾಣಿಕೆ ಲಕೋಟೆಗೆ ಬೀಳದೆ ನಮ್ಮ ಜೇಬಿನಲ್ಲೇ ಉಳಿದರೆ ಅದು ಉಳಿತಾಯ ಯೋಜನೆ. ಬಿಗಿ ಪುಲ್ಲಿಯಲ್ಲ, ಸಡಿಲ ಪುಲ್ಲಿ.

ಹೆದ್ದಾರಿಯ ಫಾಸ್ಟ್ಯಾಗ್

ದಾವಣಗೆರೆ, ಹರಿಹರಗಳ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಈ ಪದಕ್ಕೆ ಇನ್ನೊಂದು ತಮಾಷೆಯ ಸಂದರ್ಭ ಒದಗಿದೆ. ಸುಂಕ ಕಟ್ಟುವ ಫಾಸ್ಟ್ಯಾಗ್ 2014ರಲ್ಲಿ ಬಂತು, 2021ರ ಫೆಬ್ರವರಿ ಮಧ್ಯದಿಂದ ಕಡ್ಡಾಯವಾಯಿತು. ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ವೇಗವೇ. ಆದರೆ ಅನೇಕರು ಅದನ್ನು ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸತೊಡಗಿದರು, ಸಾಲು ನಿಂತಿತು. 2025ರ ಜುಲೈನಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಅಂಥವಕ್ಕೆ ‘ಲೂಸ್ ಫಾಸ್ಟ್ಯಾಗ್’ ಎಂದು ಹೆಸರಿಟ್ಟು ಕಪ್ಪುಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. ಅಂಟಿಕೊಂಡಿದ್ದರೆ ಮಾತ್ರ ಮುಂದೆ ಓಡಬಹುದು! ಆ ಪ್ರಕಟಣೆ ಬರೆದವರಿಗೆ ಜಾತ್ರೆಯ ಬೆಲ್ಟಿನ ಆಟ ಗೊತ್ತಿತ್ತೋ ಏನೋ.

ಅನುವಾದಿಸುವವರ ಗಮನಕ್ಕೆ

ಇಂಗ್ಲಿಷ್ ಬೈಬಲಿನ ಹಳೆಯ ಭಾಷಾಂತರಗಳಲ್ಲಿ, ಮುಖ್ಯವಾಗಿ ಸಂತ ಪೌಲರ ಪತ್ರಗಳಲ್ಲಿ, ವಿಶ್ವಾಸದಲ್ಲಿ ನಿಲ್ಲುವ ಮಾತು ಬರುವೆಡೆ ‘ಫಾಸ್ಟ್’ ಇರುತ್ತದೆ. ಅಲ್ಲಿ ದೃಢವಾಗಿ, ಅಚಲವಾಗಿ ಎಂದೇ ಬರೆಯಬೇಕು. ಮೊಬೈಲಿನ ಅನುವಾದ ಯಂತ್ರವನ್ನು ನಂಬಿ ಕೂತರೆ ಬೇಗ ನಿಲ್ಲಿ ಎಂದೋ ಉಪವಾಸ ನಿಲ್ಲಿ ಎಂದೋ ಬಂದೀತು. ವಾಚನ ಪೀಠಕ್ಕೆ ಹೋಗುವ ಮೊದಲು ಒಮ್ಮೆ ಓದಿ ನೋಡುವುದು ಒಳ್ಳೆಯದು.

ಉಪವಾಸದ ಅರ್ಥದಲ್ಲಿ ಬಂದಾಗಲೂ ಒಂದು ಎಚ್ಚರಿಕೆ ಬೇಕು. ಕನ್ನಡದಲ್ಲಿ ಉಪವಾಸ ಎಂದರೆ ದಿನವಿಡೀ ಏನೂ ತಿನ್ನದಿರುವುದು ಎಂದು ಅನೇಕರು ತಿಳಿಯುತ್ತಾರೆ. ಧರ್ಮಸಭೆಯ ನಿಯಮ ಹಾಗಿಲ್ಲ. ವಿಶ್ವಗುರು 6ನೇ ಪೌಲರು 1966ರಲ್ಲಿ ಹೊರಡಿಸಿದ ‘ಪೆನಿತೆಮಿನಿ’ ಆಜ್ಞಾಪತ್ರದ ಪ್ರಕಾರ ಉಪವಾಸದ ದಿನ ಒಂದು ಪೂರ್ಣ ಊಟ ಮಾಡಬಹುದು. ಬೆಳಿಗ್ಗೆ, ಸಂಜೆ ಸ್ಥಳೀಯ ರೂಢಿಯಂತೆ ಅಲ್ಪಸ್ವಲ್ಪ ಆಹಾರಕ್ಕೂ ಅಡ್ಡಿಯಿಲ್ಲ. ಇದಕ್ಕೆ ಒಪ್ಪುವ ಅಚ್ಚ ಕನ್ನಡ ಪದ ನಮ್ಮಲ್ಲೇ ಇದೆ, ‘ಒಪ್ಪೊತ್ತು’. ಪ್ರಕಟಣೆಯಲ್ಲಿ ಉಪವಾಸ ಎಂದು ಬರೆದು ಪಕ್ಕದಲ್ಲಿ ಒಪ್ಪೊತ್ತಿನ ಊಟ ಎಂದು ಸೇರಿಸಿದರೆ ಗೊಂದಲ ಇರುವುದಿಲ್ಲ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಈ ಉಪವಾಸ 18 ವರ್ಷ ತುಂಬಿದವರಿಂದ 59 ತುಂಬುವವರೆಗಿನವರಿಗೆ. ಮಾಂಸ ತ್ಯಾಗದ ನಿಯಮ 14 ತುಂಬಿದವರಿಂದ ಮೊದಲ್ಗೊಳ್ಳುತ್ತದೆ. ಕಾಯಿಲೆಯವರಿಗೆ ಕಡ್ಡಾಯವಿಲ್ಲ. ಮೈಮುರಿದು ದುಡಿಯುವವರನ್ನು ಧರ್ಮಸಭೆ ಹಿಂದಿನಿಂದಲೂ ರಿಯಾಯಿತಿಯಿಂದ ಕಂಡಿದೆ.

ಹರಿಹರಕ್ಕೆ ಹೊರಟವರಿಗೆ

ದಾವಣಗೆರೆಯ ಹೋಟೆಲುಗಳ ಬೋರ್ಡಿನಲ್ಲಿ ‘ಬ್ರೇಕ್‌ಫಾಸ್ಟ್’ ಎಂದಿರುತ್ತದೆ. ಬ್ರೇಕ್ ಎಂದರೆ ಮುರಿ. ರಾತ್ರಿಯ ಉಪವಾಸ ಮುರಿಯುವುದು. ಇಂಗ್ಲಿಷಿನಲ್ಲಿ ಈ ಪದ 15ನೇ ಶತಮಾನದಿಂದ ಇದೆ. ನಮ್ಮ ಹಿರಿಯರಿಗೆ ಇದು ಅಕ್ಷರಶಃ ನಿಜವಾಗಿತ್ತು. ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟುವಂತಿರಲಿಲ್ಲ. ಬೆಳಗಿನ ಜಾವದ ಬಲಿಪೂಜೆ ಮುಗಿಸಿ ಮನೆಗೆ ಬಂದ ಮೇಲೆಯೇ ಗಂಜಿ. 1953ರಲ್ಲಿ ವಿಶ್ವಗುರು 12ನೇ ಪಿಯುಸ್ ಅವರು ನೀರು ಕುಡಿಯಲು ಅನುಮತಿ ಕೊಟ್ಟರು; ಸಂಜೆಯ ಬಲಿಪೂಜೆಗೂ ಆಗಲೇ ದಾರಿಯಾಯಿತು. 1957ರಲ್ಲಿ ಈ ಉಪವಾಸ ಮೂರು ಗಂಟೆಗೂ 1964ರಲ್ಲಿ ಒಂದು ಗಂಟೆಗೂ ಇಳಿಯಿತು. ಈಗಲೂ ನಿಯಮ ಒಂದು ಗಂಟೆಯೇ. ನೀರು, ಔಷಧಿ ಸೇವಿಸಬಹುದು. ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಆ ಗಂಟೆಯ ಕಟ್ಟೂ ಇಲ್ಲ. ಗಂಟೆ ಎಣಿಸಬೇಕಾದದ್ದು ಬಲಿಪೂಜೆಯ ಆರಂಭಕ್ಕಲ್ಲ, ಪರಮಪ್ರಸಾದ ಸ್ವೀಕರಿಸುವ ಹೊತ್ತಿಗೆ ಎಂಬುದನ್ನು ಅನೇಕರು ಮರೆಯುತ್ತಾರೆ.

ಕರಾವಳಿಯಿಂದ ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ, ಹೊನ್ನಾಳಿ ಮಾರ್ಗವಾಗಿ ಹೋಗುವವರಿಗೆ ಹರಿಹರವೇ ಮೊದಲು ಸಿಗುತ್ತದೆ. ಆರೋಗ್ಯಮಾತೆಯ ಸನ್ನಿಧಿಯಲ್ಲಿ ಬಲಿಪೂಜೆ ಮುಗಿಸಿ, ಆಮೇಲೆ 14 ಕಿ.ಮೀ. ಮುಂದೆ ಹೋಗಿ ದಾವಣಗೆರೆಯ ಬೆಣ್ಣೆದೋಸೆಯಿಂದ ಉಪವಾಸ ಮುರಿದರೆ ಗಂಟೆ ಎಣಿಸುವ ಪ್ರಮೇಯವೇ ಬರುವುದಿಲ್ಲ.